ಓರಗಿತ್ತಿಯ ಓಲೆ

ನನ್ನ ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ, ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಪುಡಿಮಾಡಿಕೊಂಡಳು. ಸೊಂಟದಿಂದ ಚೂರು ಮೂಳೆ ತೆಗೆದು ಅಲ್ಲಿಗೆ ಕಸಿ ಮಾಡಿದರು. ಸಕ್ಕರೆ ಕಾಯಿಲೆ ಇದ್ದದ್ದರಿಂದ ಗಾಯ ಮಾಯಲೇ ಇಲ್ಲ. ಒತ್ತಡದಲ್ಲಿ ಆಕ್ಸಿಜನ್ ಕೊಟ್ಟರೆ ಗಾಯ ಒಣಗಿ ಮೂಳೆ ಕೂಡಲು ಅನುಕೂಲವಾದೀತು ಎಂದರು ಡಾಕ್ಟರು. ಹಾರವಾಡದಿಂದ ದಿನಾ ಅವಳನ್ನು ಕಾರವಾರಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು.

ನನಗೆ ಹೊಟ್ಟೆಕಿಚ್ಚು. ಬಾಣಂತಿಯಾಗಿದ್ದಾಗ ಹದಿನೈದನೇ ದಿನಕ್ಕೇ ನಾನು ಬಟ್ಟೆ ಒಗೆದವಳು. ಈಗ ಅತ್ತೆ ಅವಳ ತಲೆ ಬಾಚುತ್ತಿದ್ದರು, ಮೀನಿನ ಮುಳ್ಳು ಬಿಡಿಸಿ ಕೊಡುತ್ತಿದ್ದರು. ಆಸ್ಪತ್ರೆಯಲ್ಲೂ ಅಷ್ಟೇ. ಆಕ್ಸಿಜನ್ ತುಂಬುವ ಉದ್ದನೆಯ ಗಾಜಿನಂಥ ಪೆಟ್ಟಿಗೆಯೊಳಗೆ ಅವಳು ಒಂದೂವರೆ ತಾಸು ಹಾಯಾಗಿ ಮಲಗುತ್ತಿದ್ದಳು. ನಾನು ಹೊರಗೆ ಬೆಂಚಿನ ಮೇಲೆ.

ಒಳಗೆ ಒಡವೆ ಕೂಡದು. ಬಿಚ್ಚಿದ್ದನ್ನೆಲ್ಲ ಕರ್ಚೀಫಿನಲ್ಲಿ ಕಟ್ಟಿ, "ಜೋಪಾನ ತಂಗೀ" ಎಂದು ನನ್ನ ಕೈಗಿಡುತ್ತಿದ್ದಳು. ನಾಲ್ಕನೆಯ ದಿನ, ಪೆಟ್ಟಿಗೆಯ ಬಾಗಿಲು ಮುಚ್ಚಿದ್ದೇ ತಡ, ಅವಳ ಕೆಂಪುಕಲ್ಲಿನ ಓಲೆಯನ್ನು ನನ್ನ ಕಿವಿಗೆ ಹಾಕಿಕೊಂಡು ಮೊಬೈಲಿನಲ್ಲಿ ನೋಡಿಕೊಂಡೆ. ತಲೆಯೆತ್ತಿದರೆ ಅವಳು ನನ್ನನ್ನೇ ನೋಡುತ್ತ ಕಿವಿಯ ಕಡೆ ಬೆರಳು ತೋರಿಸುತ್ತಿದ್ದಳು. ಗಾಜಿನೊಳಗೆ ಮಲಗಿಯೂ ಓಲೆಯದೇ ಚಿಂತೆ! ಸಿಟ್ಟು ಬಂತು. ಬೆನ್ನು ತಿರುಗಿಸಿ ಕೂತೆ.

ಒಳಗಿಂದ ಗಾಜನ್ನು ದಬದಬ ಬಡಿದ ಸದ್ದಾಯಿತು. ಏನೋ ಬರೆದುಕೊಳ್ಳುತ್ತಿದ್ದ ಟೆಕ್ನಿಷಿಯನ್ ಓಡಿ ಬಂದು ಗುಂಡಿ ತಿರುಗಿಸಿ ಒತ್ತಡ ಇಳಿಸಿದ. ನೆಗಡಿಯಾಗಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲವಂತೆ; ಮೂಗು ಕಟ್ಟಿದ್ದರೆ ಆ ಒತ್ತಡವೆಲ್ಲ ಕಿವಿಗೆ ಬೀಳುತ್ತದಂತೆ. ಹೊರಗೆ ತಂದಾಗ ಕಣ್ಣಲ್ಲಿ ನೀರು.

"ಕಿವಿ ಒಡೆದೇ ಹೋಗ್ತದೆ ಅನ್ನಂಗಾಗಿತ್ತು. ನಿಂಗೆ ಕೈ ಮಾಡ್ದೆ, ಕಾಣ್ಲಿಲ್ವೇನೆ?"

"ಕಂಡ್ತು ಅಕ್ಕಾ. ಓಲೆ ತೆಗಿ ಅಂತಿದ್ದೀ ಅಂದ್ಕಂಡೆ."

ಆಗಷ್ಟೇ ಅವಳು ನನ್ನ ಕಿವಿ ನೋಡಿದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. "ಚೆಂದ ಕಾಣ್ತದೆ ನಿಂಗೆ" ಎಂದಳು. ಹಾಗೆಂದು ಕೈಯನ್ನೂ ಚಾಚಿದಳು. ಬಿಚ್ಚಿಕೊಟ್ಟೆ.

ನೆಗಡಿ ವಾಸಿಯಾದ ಮೇಲೆ ಚಿಕಿತ್ಸೆ ಮುಂದುವರಿಯಿತು. ಅವಳು ಬರಿಗಿವಿಯಲ್ಲೇ ಮನೆಯಿಂದ ಹೊರಡತೊಡಗಿದಳು.

ಕೆಲವು ತಿಂಗಳ ನಂತರ ಎಕ್ಸ್‌ರೇ ನೋಡಿ ಡಾಕ್ಟರು, ಕಸಿ ಹಿಡಿದಿದೆ, ಮೂಳೆ ಕೂಡಿದೆ ಎಂದರು. ಅವಳು ನನ್ನ ಹೆಗಲು ಹಿಡಿಯದೆ ಬಸ್ಸು ಹತ್ತಿದಳು. ಖುಷಿಯಾಯಿತು, ಸುಳ್ಳಲ್ಲ. ಆದರೂ ಕೇಳದೆ ಇರಲಾಗಲಿಲ್ಲ.

"ನಂದು ಕಾಲು ಮುರಿದಿದ್ರೆ ನೀನು ಹೀಂಗೇ ದಿನಾ ಬರ್ತಿದ್ಯೇನೆ ಅಕ್ಕಾ?"

"ಬರ್ದೆ ಎಂತ ಮಾಡೂದು?" ಎಂದು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು.

ನಂಬಿದೆ. ಪೂರ್ತಿ ನಂಬಲಿಲ್ಲ.