ಹಗ್ಗ ಹಿಡಿದಾಗ ಬಂದ ಮಾತು

ನನ್ನ ನಾದಿನಿಯನ್ನು ನೋಡಲು ಭಟ್ಕಳದ ಕಡೆಯವರು ಬರುತ್ತಾರೆಂದು ಗೊತ್ತಾದ ದಿನವೇ ಅತ್ತೆ ನನ್ನನ್ನು ಅಡುಗೆಮನೆಯಿಂದ ಕರೆದು ಜಗಲಿಯಲ್ಲಿ ಕೂರಿಸಿದರು. ನಮ್ಮದು ಕುಮಟೆಯ ಬಾಡ ಎಂಬ ಊರಿನಲ್ಲಿ ಕಡಲಿಗೆ ಹತ್ತಿರದ ಮನೆ. ಮಾವ ದೋಣಿ ನಡೆಸಿದವರು. ನನ್ನ ಗಂಡ ಕಚೇರಿಗೆ ಹೋಗುವವರು.

"ಸಂಬಂಧ ತಂದವ್ರು ಹೇಳಿದ್ರು, ಅವ್ರು ಭಾರಿ ನಾಜೂಕು ಜನ ಅಂತೆ. ಹುಡ್ಗ ಬ್ಯಾಂಕಲ್ಲಿ ಇರೂದು. ನಮ್ಮ ಮಾತು ಕೇಳಿ ನಗೂದು ಬೇಡ. ನೀ ಕಾನ್ವೆಂಟಲ್ಲಿ ಕಲ್ತವ್ಳು, ತಂಗೀ. ನಂಗೆ ಪುಸ್ತಕದ ಮಾತು ಹೇಳ್ಕೊಡು." ನಮ್ಮ ಕಡೆ ಸೊಸೆಯನ್ನೂ 'ತಂಗೀ' ಎಂದೇ ಕರೆಯುವುದು.

ಹೊನ್ನಾವರದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಿದ ಕನ್ನಡ ಇಸ್ತ್ರಿ ಹಾಕಿದ ಸಮವಸ್ತ್ರದಂತೆ ಇತ್ತು. ಗೇಟು ದಾಟಿದ ಮೇಲೆ ಅದನ್ನು ಯಾರೂ ಉಡುತ್ತಿರಲಿಲ್ಲ. ಒಬ್ಬಳು ಕೊಂಕಣಿಗೆ ಹೋಗುತ್ತಿದ್ದಳು, ಒಬ್ಬಳು ನವಾಯತಿಗೆ, ನಾನು ನಮ್ಮಮ್ಮನ ಕನ್ನಡಕ್ಕೆ. ಹಾಗೆಂದು ಅತ್ತೆಗೆ ಹೇಳಿದೆ. ಭಟ್ಕಳ, ಹೊನ್ನಾವರ, ಕುಮಟಾ ಬಸ್ಸಿನಲ್ಲಿ ಕೂತರೆ ಒಂದು ನಿದ್ದೆಯ ದೂರ. ಆದರೂ ನಡುವೆ ಹೊಳೆಗಳಿವೆಯಲ್ಲ, ಸೇತುವೆ ಇಲ್ಲದ ಕಾಲದಲ್ಲಿ ಜನ ತಂತಮ್ಮ ದಡದವರ ಜೊತೆಗೇ ಹೆಚ್ಚು ಮಾತಾಡಿರಬೇಕು, ತಲೆಮಾರುಗಟ್ಟಲೆ ಹಾಗೆ ಮಾತಾಡಿದರೆ ಆಚೆ ದಡದ ಮಾತು ಬೇರೆಯಾಗದೆ ಇರುತ್ತದೆಯೇ ಎಂದೆ. ಹೊಳೆಯೇ ಬೇಕೆಂದಿಲ್ಲ, ಮಿರ್ಜಾನದ ತೋಟದ ಮನೆಯೊಂದರಲ್ಲಿ 'ಇಲ್ಲೆ' ಅನ್ನುತ್ತಾರೆ, ಪಕ್ಕದ ದೋಣಿಯವರ ಮನೆಯಲ್ಲಿ 'ಇಲ್ಲ'. ಯಾರು ಯಾರ ಜಗಲಿಯಲ್ಲಿ ಕೂರುತ್ತಾರೆ, ಎಲ್ಲಿಂದ ಸೊಸೆ ತರುತ್ತಾರೆ ಎಂಬುದರ ಮೇಲೂ ಮಾತು ನಿಂತಿರುತ್ತದೆ, ಅದರಲ್ಲಿ ನಾಚಿಕೆ ಎಂತದ್ದು ಎಂದೆ.

"ಆತು," ಎಂದರು ಅತ್ತೆ. "ಅದ್ನೆಲ್ಲ ಮದ್ವೆ ಆದ್ಮೇಲೆ ಹೇಳು. ಈಗ 'ಬನ್ನಿ, ಕುಳಿತುಕೊಳ್ಳಿ' ಹೇಳೂದು ಹೆಂಗೆ ಅಂತ ಹೇಳು."

ಪಾಠ ಶುರುವಾಯಿತು. ಅತ್ತೆ ಅಭ್ಯಾಸಕ್ಕೆ ಬೆಕ್ಕನ್ನು ಆರಿಸಿಕೊಂಡರು. "ದಯವಿಟ್ಟು ಹೊರಗೆ ಹೋಗು," ಎಂದರೆ ಬೆಕ್ಕು ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡುತ್ತಿತ್ತು. ಮಾವ ಮೊದಲ ದಿನವೇ ಕೈಬಿಟ್ಟರು. "ಈ ವಯಸ್ಸಲ್ಲಿ ನಂಗೆ ನಾಲ್ಗೆ ತಿರ್ಗೂದಿಲ್ಲ. ನಾ ಸುಮ್ನೆ ನಗಾಡ್ತಾ ಕೂತ್ಕಣ್ತೆ."

ನಾದಿನಿ ಮಾತ್ರ ನಗಲಿಲ್ಲ. ಧಾರೇಶ್ವರದ ಒಂದು ಮದುವೆಯ ಪಂಕ್ತಿಯಲ್ಲಿ ಆ ಹುಡುಗ ನೀರು ಬಡಿಸುತ್ತಿದ್ದನಂತೆ. ಬಾಯಾರಿಕೆ ಇಲ್ಲದಿದ್ದರೂ ಇವಳು ಮತ್ತೆ ಮತ್ತೆ ಹಾಕಿಸಿಕೊಂಡಳಂತೆ. ತೆಂಗಿನಕಾಯಿ ತುರಿಯುತ್ತಾ, ತಲೆ ಎತ್ತದೆ ಹೇಳಿದಳು: "ಅತ್ತಿಗೆ, ಈ ಸಂಬಂಧ ಒಂದು ಕೈ ತಪ್ಪೂಕಿಲ್ಲ."

ಅವರು ಬಂದದ್ದು ಭಾನುವಾರ ಮಧ್ಯಾಹ್ನ: ಹುಡುಗ, ಅವನ ಅಪ್ಪ, ಅಮ್ಮ. ಅಪ್ಪನ ಅಂಗಿಯ ಮಡಿಕೆಗಳು ಪೆಟ್ಟಿಗೆಯಲ್ಲಿದ್ದಂತೆಯೇ ಇದ್ದವು. ಅಮ್ಮನ ಸೆರಗಿಗೆ ಮೂರು ಕಡೆ ಪಿನ್ನು.

"ತಮ್ಮ ಪ್ರಯಾಣವು ಸುಖಕರವಾಗಿತ್ತೇ?" ಎಂದರು ಅತ್ತೆ.

"ಹೌದು. ರಸ್ತೆಯು ಸುಗಮವಾಗಿತ್ತು," ಎಂದರು ಹುಡುಗನ ಅಮ್ಮ.

ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಸಂಬಂಧ ತಂದವರು ಹೇಳಿದ್ದು ನಿಜ, ಎಷ್ಟು ನಾಜೂಕು. ಹುಡುಗನ ಅಪ್ಪನೂ ನಮ್ಮ ಮಾವನ ಹಾಗೆ ಬರೇ ನಗುತ್ತಿದ್ದರು. ಇಬ್ಬರು ಎದುರುಬದುರು ಕೂತು ನಗುತ್ತಲೇ ಇದ್ದರು. ನನ್ನ ಗಂಡ ಇನ್ನೊಂದು ಕುರ್ಚಿ ತರುವ ನೆಪದಲ್ಲಿ ಒಳಗೆ ಬಂದವರು ಮತ್ತೆ ಹೊರಗೇ ಹೋಗಲಿಲ್ಲ.

ಹುಡುಗ ನಾದಿನಿಗೆ, "ತಮ್ಮ ಹವ್ಯಾಸಗಳೇನು?" ಎಂದು ಕೇಳಿದ. "ಓದುವುದು ಮತ್ತು ಹೊಲಿಯುವುದು," ಎಂದಳು. ಅವನು ಸಾಲದ ಅರ್ಜಿ ನೋಡಿದವನಂತೆ ತಲೆಯಾಡಿಸಿದ. ಶಿರಾ ಆಯಿತು, ಅವಲಕ್ಕಿ ಆಯಿತು, ಕಲಿಸಿದ ವಾಕ್ಯಗಳೂ ಮುಗಿದವು. ಅತ್ತೆ ಮತ್ತೊಮ್ಮೆ ರಸ್ತೆಯ ಬಗ್ಗೆ ಕೇಳಿದರು. ಅದು ಈಗಲೂ ಸುಗಮವಾಗಿಯೇ ಇತ್ತು.

ಹುಡುಗನ ಅಮ್ಮ ಎದ್ದರು. "ಯೋಚಿಸಿ ತಿಳಿಸುತ್ತೇವೆ."

ನಾದಿನಿ ಖಾಲಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಡತೊಡಗಿದಳು.

ಆಗಲೇ ಕಡಲ ಕಡೆಯಿಂದ ಕೂಗು ಬಂತು. ಊರೆಲ್ಲ ಸೇರಿ ದಡದಿಂದ ಎಳೆಯುವ ರಂಪಣಿ ಬಲೆ ತುಂಬಿ ಬರುತ್ತಿದೆ, ಕೈ ಸಾಲದು ಎಂಬ ಕೂಗು. ನಮ್ಮಲ್ಲಿ ಆ ಕೂಗು ಕಿವಿಗೆ ಬಿದ್ದವರು ಹಗ್ಗಕ್ಕೆ ಕೈ ಹಚ್ಚಬೇಕು. ಮನೆಯಲ್ಲಿ ನೆಂಟರಿದ್ದಾರೆ ಎಂಬುದು ತಪ್ಪಿಸಿಕೊಳ್ಳಲು ಕಾರಣವಲ್ಲ. ಹಗ್ಗ ಹಿಡಿದವರು ಯಾವ ಊರಿನವರಾದರೂ ಮೀನಿನಲ್ಲಿ ಪಾಲು ಉಂಟು.

ಮಾವ ಎದ್ದರು. ನೆಂಟರ ಮುಖ ನೋಡಿ ಮತ್ತೆ ಕೂತರು. ನೋಡಿದರೆ ಹುಡುಗನ ಅಪ್ಪ ಎದ್ದು ಪ್ಯಾಂಟಿನ ಕಾಲು ಮಡಚುತ್ತಿದ್ದಾರೆ. ಒಬ್ಬರನ್ನೊಬ್ಬರು ಒಂದು ಕ್ಷಣ ನೋಡಿದರು, ಇಬ್ಬರೂ ಮೆಟ್ಟಿಲಿಳಿದರು. ಹಿಂದೆ ಹುಡುಗ. ಹಿಂದೆ, ಎಂತ ಮಾಡುವುದೆಂದು ತಿಳಿಯದೆ, ನಾವು ಹೆಂಗಸರು.

"ಹಗ್ಗ ಸಡ್ಲ ಬಿಡೂಕಿಲ್ಲ, ಮಾರಾಯಾ!" ಮಾವನ ಗಂಟಲು ಆ ದಿನ ಮೊದಲ ಬಾರಿ ತೆರೆಯಿತು.

"ಹ್ವಾಯ್, ಬರೀ ಕೈಯಂಗೆ ಎಳುದಲ್ಲ, ಕಾಲ್ ಊರಿ ಎಳೀಕ್," ಎಂದರು ಹುಡುಗನ ಅಪ್ಪ. ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು. "ನಂಗೇನ್ ಹೊಸ್ತಾ ಇದ್?"

ಅತ್ತೆ ಮರಳಲ್ಲಿ ನಿಂತುಬಿಟ್ಟರು. ಮೆಲ್ಲಗೆ ಹುಡುಗನ ಅಮ್ಮನ ಕಡೆ ತಿರುಗಿದರು. "ನೀವೂ ದೋಣಿಯವ್ರೇ ಏನು?"

"ಮತ್ತೆಂತ?" ಅವರು ಸೆರಗಿನ ಪಿನ್ನು ಒಂದೊಂದೇ ಬಿಚ್ಚುತ್ತಿದ್ದರು. "ನೀವ್ ಭಾರಿ ನಾಜೂಕ್ ಅಂದ್ ಹೇಳಿದ್ರ್ ನಮ್ಗೆ. ಒಂದ್ ವಾರ ಟಿವಿ ವಾರ್ತೆ ಕಂಡ್ ಕಲ್ತದ್ದ್ ನಾನ್."

"ನಾ ಬೆಕ್ಕಿಗೆ ಹೇಳಿ ಕಲ್ತೆ," ಎಂದರು ಅತ್ತೆ.

ಇಬ್ಬರೂ ಅಲ್ಲೇ ಮರಳಲ್ಲಿ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾಲಿನ ಮೀನು ಬುಟ್ಟಿಗೆ ಬಿದ್ದಾಗ ಜಗಳವೂ ಶುರುವಾಯಿತು. ನಾವು ತಾರ್ಲೆ ಎನ್ನುವ ಮೀನಿಗೆ ಅವರಲ್ಲಿ ಬೈಗೆ ಎನ್ನುತ್ತಾರೆ; ಹೆಸರು ಯಾವುದು ಸರಿ, ಹುಳಿ ಎಷ್ಟು ಹಾಕಬೇಕು ಎಂದು ಇಬ್ಬರೂ ಬಿಟ್ಟುಕೊಡಲಿಲ್ಲ. ಆಚೆ ನಾದಿನಿ ಒಂದು ಚೊಂಬು ನೀರು ಹಿಡಿದು ನಿಂತಿದ್ದಳು. ಹುಡುಗ ಕುಡಿದು ಚೊಂಬು ಕೊಟ್ಟ, ಮತ್ತೆ ಕೇಳಿದ. ಅವನಿಗೆ ಎಷ್ಟು ಬಾಯಾರಿಕೆ ಇತ್ತೋ ನಾನರಿಯೆ.

ಆ ದಿನ ಅವರು ಊಟ ಮಾಡಿಕೊಂಡೇ ಹೋದರು. ಕೈ ತೊಳೆಯುತ್ತಾ ಹುಡುಗನ ಅಮ್ಮ ಕೇಳಿದರು: "ಹೆಣ್ಣ್ ಕೊಡ್ತ್ರ್ಯಾ ಇಲ್ಯಾ, ಈಗ್ಲೇ ಹೇಳಿ. ಯೋಚ್ಸುಕೆಲ್ಲ ನಂಗ್ ಪುರ್ಸೊತ್ತಿಲ್ಲ."

ಈಗ ನಾದಿನಿ ಭಟ್ಕಳದ ಆ ಮನೆಯಲ್ಲಿದ್ದಾಳೆ. ಮೊನ್ನೆ ಫೋನಿನಲ್ಲಿ, ಪೇಟೆಗೆ ಹೋಗಬೇಕು ಎನ್ನುವುದನ್ನು ಆ ಕಡೆಯವರಂತೆಯೇ "ಪ್ಯಾಟಿಗೆ ಹೋಯ್ಕ್, ಅಮ್ಮ" ಎಂದಳು. ಅತ್ತೆ ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನನ್ನು ನೋಡಿದರು. "ಕೇಳ್ದ್ಯಾ, ತಂಗೀ? ವರ್ಷ ಆಗ್ಲಿಲ್ಲ, ಆಗ್ಲೇ ಮಾತು ಹೊಳೆ ದಾಟ್ತು." ಮತ್ತೆ ಫೋನಿಗೆ, "ಯಾವಾಗ ಬರೂದು? ಒಣ ತಾರ್ಲೆ ತೆಗ್ದಿಟ್ಟಿದ್ದೆ," ಎಂದರು.

ಆ ಕಡೆಯಿಂದ ಬೀಗಿತಿಯ ದನಿ ಕೇಳಿತು: "ಬೈಗೆ ಅನ್ನಿ."