ಆರು ಗಂಟೆಯ ಅಂಗನವಾಡಿ

ಸ್ನೇಹಿತರೇ, ಟೈಪ್ ಮಾಡಲು ಬರದೆ ಹಾಳೆಯಲ್ಲಿ ಬರೆದು ಫೋಟೊ ಹಾಕಿದ್ದೇನೆ. ಅಕ್ಷರ ಸೊಟ್ಟಗಿದೆ, ತಪ್ಪೂ ಇರಬಹುದು, ಕ್ಷಮಿಸಿ. ನಾನು ಓದಿದ್ದು ನಾಲ್ಕನೇ ಕ್ಲಾಸು.

ರಾಮನಗರದ ಕುಟುಂಬಗಳಿಗೆ ಏನು ಬೇಕೆಂದು ಕೇಳಲು ಇವತ್ತು ಮಧ್ಯಾಹ್ನ ಆನ್‌ಲೈನ್ ಸಭೆಯಿತ್ತು. ರೇಷ್ಮೆ ನೂಲು ತೆಗೆಯುವ ನಾನೂ ಜೊತೆಯ ಶಬಾನಕ್ಕನೂ ಒಂದೇ ಫೋನಿನಲ್ಲಿ ಸೇರಿದೆವು. ನಮ್ಮ ಕೆಲಸ ಬೆಳಿಗ್ಗೆ ಆರಕ್ಕೆ ಶುರು, ನನ್ನ ಪುಟ್ಟ ಮಗಳನ್ನು ಬಿಡಲು ಅಂಗನವಾಡಿಯನ್ನೂ ಆಗಲೇ ತೆರೆಯಿರಿ ಎಂದೆ.

ಯಾರೋ ಹಿರಿಯರು, “ಅಷ್ಟು ಚಿಕ್ಕ ಮಗು ತಾಯಿ ಹತ್ರ ಇದ್ರೇನೇ ಚೆಂದ ಕಣಮ್ಮ” ಎಂದರು.

“ನನ್ ತಾವೇ ಐತೆ ಸಾರ್. ಗೂಡು ಬೇಯ್ಸೋ ಬಿಸಿನೀರಿನ್ ತಾವೂ ಐತೆ.”

ನನ್ನ ಧ್ವನಿ ಅಷ್ಟು ಜೋರೆಂದು ನನಗೇ ಗೊತ್ತಿರಲಿಲ್ಲ. ಸಭೆ ನಡೆಸುತ್ತಿದ್ದ ಅಧಿಕಾರಿ, “ಆಯ್ತಮ್ಮ, ಬರ್ಕೊಂಡೆ” ಎಂದರು.

ಶಬಾನಕ್ಕ ಫೋನ್ ಕಿತ್ತುಕೊಂಡಳು. “ಏನ್ ಬರ್ಕೊಂಡ್ರಿ, ಒಸಿ ಓದಿ ಸಾರ್. ಕೇಳಿಸ್ಕೊಂಡೇ ಓಗ್ತೀವಿ.”

ಅವರು ನಗುತ್ತಲೇ ಎಲ್ಲರೆದುರು ಓದಿದರು. ಇಷ್ಟು ಜನ ಕೇಳಿದ್ದನ್ನು ಇನ್ನು ಅಳಿಸುವುದು ಕಷ್ಟ.

ಆರಕ್ಕೆ ಬಾಗಿಲು ತೆರೆಯುವ ಆ ದಿನ ಬರುವವರೆಗೆ ಹಳೇ ಸೀರೆಯೇ ನಮ್ಮ ಅಂಗನವಾಡಿ. ಇವತ್ತು ಬೆಳಿಗ್ಗೆಯೂ ಒಂದು ತುದಿಯನ್ನು ಮಗಳ ಸೊಂಟಕ್ಕೆ, ಇನ್ನೊಂದನ್ನು ಕಂಬಕ್ಕೆ ಕಟ್ಟಿ, ಗಂಟು ಎಳೆದು ನೋಡಿ ಕೆಲಸಕ್ಕೆ ಕೂತೆ.