ನಾಲ್ಕು ಬೆರಳಿನ ಮಡಿಕೆ

ಗಲ್ಫಿನ ಸೆಗಯಾ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೂತು ಜಯಶೀಲಕ್ಕ ಹೊಲಿಯುವ ಮಕ್ಕಳ ಫ್ರಾಕಿಗೆ ಕೆಳಗೆ ನಾಲ್ಕು ಬೆರಳು ಅಗಲದ ಮಡಿಕೆ ಇರಲೇಬೇಕು. ಮಗು ಎತ್ತರವಾದ ಹಾಗೆ ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಬಹುದು. ಊರಿನಲ್ಲಿ ಅಮ್ಮನಿಂದ ಕಲಿತ ಕ್ರಮ ಅದು.

೧೯೭೯ರಲ್ಲಿ ಅಲ್ಲಿನ ನಮ್ಮ ಊರವರ ಸಂಘದ ಕೆಲವರು ಕೊಲಂಬೊದ ಒಂದು ಅನಾಥಾಲಯಕ್ಕೆ ಒಂದು ವಾರದ ಸೇವೆಗೆಂದು ಹೊರಟೆವು. ಮಕ್ಕಳ ಬಟ್ಟೆಯ ಕೆಲಸ ಜಯಶೀಲಕ್ಕನದು. ನಮ್ಮ ಮುಂದಾಳು ಮುದ್ದಣ್ಣನವರಿಗೋ ಸೇವೆಗಿಂತ ಫೋಟೊದ ತಲೆಬಿಸಿಯೇ ಹೆಚ್ಚು. ಸಾಮಾನು ಕಟ್ಟುವಾಗ ಒಂದು ಫ್ರಾಕನ್ನು ಎತ್ತಿ ಹಿಡಿದವರೇ ಮುಖ ಸಿಂಡರಿಸಿದರು.

“ಇದೆಂತ ಜಯಶೀಲಕ್ಕ, ಇಷ್ಟು ದಪ್ಪ ಮಡಿಕೆ? ಫೋಟೊದಲ್ಲಿ ಚಂದ ಕಾಣ್ಲಿಕ್ಕಿಲ್ಲ. ಕತ್ತರಿಸಿ ಬಿಡಿ.”

“ಕತ್ತರಿಸ್ಲಿಕ್ಕಿಲ್ಲ.”

“ನಾವು ಹೋಗುವುದು ಒಂದು ವಾರಕ್ಕೆ ಮಾರಾಯ್ರೆ!”

ಜಯಶೀಲಕ್ಕ ಫ್ರಾಕನ್ನು ಅವರ ಕೈಯಿಂದ ಎಳೆದುಕೊಂಡು ಸೂಟ್‌ಕೇಸಿಗೆ ಹಾಕಿದರು. ಅದರ ಮೇಲೆ ಸೂಜಿ, ನೂಲು, ಸಣ್ಣ ಕತ್ತರಿಗಳನ್ನೂ ಇಟ್ಟರು. ಅಲ್ಲಿನ ದೊಡ್ಡ ಹುಡುಗಿಯರಿಗೆ ಮಡಿಕೆ ಬಿಚ್ಚಿ ಹೊಲಿಯುವುದನ್ನು ಕಲಿಸಿಯೇ ಬರುವುದೆಂದು ಅವರು ನಿಶ್ಚಯಿಸಿದ್ದರು.

“ವಾರಕ್ಕೆ ಹೋಗಿ ಬರುವುದು ನಾವು, ಮುದ್ದಣ್ಣ,” ಎಂದರು. “ಮಕ್ಕಳು ನಮ್ಮ ವಿಮಾನ ಹೊರಟ ಮೇಲೂ ಬೆಳೀತಾರೆ.”